ಉಪ್ಪಿಲ್ಲದ ಮಂಡಲ

ನಾನು ಶಾಲೆ ಬಿಟ್ಟದ್ದು ೧೯೪೭ರಲ್ಲಿ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಇನ್ನೂ ಒಂದು ವರ್ಷ ಇರುವಾಗ. ಬಿಡಿಸಿದವರು ಯಾರೂ ಇಲ್ಲ. ಅಪ್ಪ ತೀರಿಕೊಂಡಿದ್ದರು, ಊರ ಬೆಲ್ಲದ ಗಾಣದಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ಹಾಕುವ ಕೆಲಸ ಖಾಲಿ ಇತ್ತು, ನಾನೇ ಹೋಗಿ ನಿಂತೆ. ಓದಿದವರ ಮುಂದೆ ತಲೆ ತಗ್ಗಿಸುವ ಜಾಯಮಾನ ನನ್ನದಲ್ಲ. ಒಲೆಯ ಬಾಯಿಂದ ಕೊಪ್ಪರಿಗೆಯ ಅಂಚಿಗೆ ಬಂದೆ, ಪಾಕ ನೋಡುವವನಾದೆ. ಮೇಲವಂಕಿಯಿಂದ ಮೂಡಲಗಿಯವರೆಗೆ ಕಬ್ಬು ಬೆಳೆದವರು ಸುಗ್ಗಿಗೆ ಮೊದಲೇ ಬಂದು ನನ್ನನ್ನು ಮಾತಾಡಿಸಿ ಹೋಗುತ್ತಿದ್ದರು. ಆ ಕೆಲಸ ನನ್ನ ಕೈಬಿಟ್ಟ ಸುಗ್ಗಿಯೊಂದನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಅದು ೧೯೫೯ರ ದೀಪಾವಳಿಯ ನಂತರ ಹೂಡಿದ ಗಾಣ. ಮೇಲವಂಕಿಯ ಸಾವಕಾರರೊಬ್ಬರ ಹೊಲದಲ್ಲಿತ್ತು. ಪಾಕದ ಕೆಲಸ ಹೇಗಿರುತ್ತದೆ ಎಂದು ಮೊದಲು ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ಹಾಲು, ಅಂದರೆ ಕಬ್ಬಿನ ರಸ, ಕೊಪ್ಪರಿಗೆಗೆ ಬಿದ್ದ ಮೇಲೆ ಸುಣ್ಣದ ತಿಳಿ ಹಾಕಬೇಕು. ಎಷ್ಟು ಎಂಬುದು ಹೊಲದ ಮಣ್ಣಿನ ಮೇಲೆ ಹೋಗುತ್ತದೆ. ಬೆಂಡೆ ಗಿಡ ಜಜ್ಜಿ ತೆಗೆದ ಲೋಳೆ ಹಾಕಿದರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆಯುತ್ತಲೇ ಇರಬೇಕು. ನೊರೆ ಉಕ್ಕಿದರೆ ನಾಲ್ಕು ಹನಿ ಶೇಂಗಾ ಎಣ್ಣೆ. ಕೊನೆಗೆ ಪಾಕ ಗುಳುಗುಳು ಎನ್ನುವ ಸದ್ದು ಬಿಟ್ಟು ಪಟ್ ಪಟ್ ಎಂದು ಒಡೆಯತೊಡಗಿದಾಗ ಒಂದಿಷ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸಿ ನೋಡಬೇಕು. ಗುಂಡಾಗಿ ನಿಂತರೆ "ಇಳಿಸ್ರಿ" ಎನ್ನಬೇಕು. ಸ್ವಲ್ಪ ಮುಂಚೆ ಎಂದರೆ ಬೆಲ್ಲ ಗಟ್ಟಿಯಾಗುವುದಿಲ್ಲ, ಸ್ವಲ್ಪ ತಡವೆಂದರೆ ಸೀಯುತ್ತದೆ. ಆ ಒಂದು ಮಾತಿಗಾಗಿಯೇ ಪಾಕದವನಿಗೆ ಎಲ್ಲರಿಗಿಂತ ಹೆಚ್ಚು ಪಗಾರ.

ನನ್ನ ಗಾಣದಲ್ಲಿ ಒಂದು ಕಟ್ಟುನಿಟ್ಟಿತ್ತು. ಉಪ್ಪು, ಹುಳಿ ಒಳಗೆ ಬರುವಂತಿಲ್ಲ. ಉಪ್ಪು ಹುಳಿ ತಾಕಿದ ಹಾಲು ಗಟ್ಟಿಕಟ್ಟುವುದಿಲ್ಲ ಎಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು. ಆಳುಗಳು ಮಜ್ಜಿಗೆಯ ಗಡಿಗೆ, ಉಪ್ಪಿನಕಾಯಿ, ಚಟ್ನಿ ಎಲ್ಲವನ್ನೂ ಬೇವಿನ ಗಿಡದ ಕೆಳಗೆ ಇಟ್ಟು, ಅಲ್ಲೇ ಉಂಡು, ಕೈ ತೊಳೆದು ಬರಬೇಕು. ಒಮ್ಮೆ ಸಾವಕಾರರ ಸೋದರಳಿಯನೇ ಹುಣಸೆಕಾಯಿ ಚೀಪುತ್ತ ಒಳಗೆ ಬಂದಾಗ ತೋಳು ಹಿಡಿದು ಹೊರಗೆ ಬಿಟ್ಟು ಬಂದವನು ನಾನು.

ಆ ವರ್ಷ ನಾನು ಕಪ್ಪಾಗತೊಡಗಿದೆ. ಯಾರೂ ಅದನ್ನು ರೋಗ ಎಂದುಕೊಳ್ಳಲಿಲ್ಲ, ನಾನೂ ಅಂದುಕೊಳ್ಳಲಿಲ್ಲ. ಗಾಣದಲ್ಲಿ ದುಡಿದವರು ಸುಗ್ಗಿ ಮುಗಿಯುವುದರೊಳಗೆ ಒಂದು ಸುತ್ತು ಕಪ್ಪಾಗಿಯೇ ಆಗುತ್ತಾರೆ. ಆದರೆ ನಮ್ಮ ಒಲೆ ಉರಿಸುವ ಕಾಕಾನ ಕಣ್ಣು ಚುರುಕು. ನನಗಿಂತ ಹಿರಿಯ, ಬಾಯಿ ತುಂಬ ಚೇಷ್ಟೆ.

"ಅಲ್ಲೋ ತಮ್ಮಾ, ಒಲಿ ಬಾಯಾಗ ಕುಂದರಾಂವ ನಾನು, ಕರ್ರಗ ಆಗಾಂವ ನೀನು. ಇದ್ಯಾವ ನ್ಯಾಯ?"

"ನಿನಗ ಇನ್ನ ಕರ್ರಗ ಆಗಾಕ ಜಾಗಾ ಎಲ್ಲೈತಿ ಕಾಕಾ?" ಎಂದೆ ನಾನು.

ನಕ್ಕರು ಎಲ್ಲರೂ. ನಕ್ಕು ಮುಗಿದ ಮೇಲೆ ಅವನು ನನ್ನ ಅಂಗೈ ಹಿಡಿದು ನೋಡಿದ. ಕೈಗೆರೆಗಳು ಮಸಿಯಲ್ಲಿ ಎಳೆದ ಹಾಗೆ ಕಾಣುತ್ತಿದ್ದವು. "ತೊಳಕೋ ಹೋಗು" ಎಂದ. ತೊಳೆದೆ. ಬೂದಿ ಹಚ್ಚಿ ತಿಕ್ಕಿದೆ. ಹೋಗಲಿಲ್ಲ.

ಜೊತೆಗೆ ಆಯಾಸ. ಮೊದಲು ಕೊಪ್ಪರಿಗೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ನಿಂತರೂ ಕಾಲು ನೋಯುತ್ತಿರಲಿಲ್ಲ. ಈಗ ಕುಳಿತವನು ಎದ್ದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಧೋತರದ ಗಂಟು ಒಂದೊಂದು ವಾರಕ್ಕೆ ಒಂದೊಂದು ಬೆರಳು ಒಳಗೆ ಬರುತ್ತಿತ್ತು. ಬೆಲ್ಲದ ವಾಸನೆಗೇ ವಾಕರಿಕೆ. ಪಾಕದವನಿಗೆ ಬೆಲ್ಲದ ವಾಸನೆ ಆಗದು ಎಂದರೆ ಏನು ಹೇಳುವುದು? ಗೋಕಾಕದಲ್ಲಿ ಒಬ್ಬ ಡಾಕ್ಟರರಿಗೆ ತೋರಿಸಿದೆ. ರಕ್ತ ಕಡಿಮೆ ಎಂದು ಕೆಂಪು ಟಾನಿಕ್ ಕೊಟ್ಟರು. ಕುಡಿದೆ, ವಾಂತಿಯಾಯಿತು, ಬಿಟ್ಟೆ.

ಇನ್ನೊಂದು ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ನನಗೆ ಉಪ್ಪು ತಿನ್ನುವ ಹುಚ್ಚು ಹಿಡಿದಿತ್ತು. ಬಾಯಿ ಚಪಲವಾದರೆ ತಡೆಯಬಹುದಿತ್ತು. ಇದು ನೀರಡಿಕೆಯಂಥದು. ಮನೆಯಲ್ಲಿ ಉಪ್ಪಿನ ಗಡಿಗೆಗೆ ಕೈ ಹಾಕಿ ಹರಳು ತೆಗೆದು ಬಾಯಲ್ಲಿಟ್ಟುಕೊಂಡರೆ ಆಗ ಸ್ವಲ್ಪ ಜೀವ ಬಂದ ಹಾಗಾಗುತ್ತಿತ್ತು. ಹೆಂಡತಿ ನೋಡಿದಳು. "ಬಸುರಿ ನಾನೋ ನೀವೋ?" ಎಂದು ನಕ್ಕಳು. ಕೊನೆಗೆ ಹೇಗಾಯಿತೆಂದರೆ, ಗಾಣಕ್ಕೆ ಹೋಗುವಾಗಲೂ ಧೋತರದ ಸೆರಗಿನಲ್ಲಿ ನಾಲ್ಕು ಹರಳು ಕಟ್ಟಿಕೊಂಡು ಹೋಗತೊಡಗಿದೆ. ಹುಣಸೆಕಾಯಿ ಹಿಡಿದವನನ್ನು ಹೊರಗೆ ಹಾಕಿದ ನಾನೇ.

ಸಂಕ್ರಾಂತಿ ಹತ್ತಿರ ಬಂದಿತ್ತು. ಮಧ್ಯಾಹ್ನದ ಕೊಪ್ಪರಿಗೆ, ಹಾಲು ಬಹಳ ಒಳ್ಳೆಯದು, ಕೆಂಪು ಮಣ್ಣಿನ ಕಬ್ಬು. ನೊರೆಯೆಲ್ಲ ತೆಗೆದಾಗಿತ್ತು. ಪಾಕ ಪಟ್ ಎನ್ನಲು ಇನ್ನೂ ಸ್ವಲ್ಪ ಹೊತ್ತಿತ್ತು. ಅಷ್ಟರಲ್ಲಿ ನನ್ನ ಮೊಳಕಾಲು ಕರಗಿದ ಹಾಗಾಯಿತು. ನೀರಿಗೆ ಬಿಟ್ಟ ಪಾಕವನ್ನು ಬೆರಳಲ್ಲಿ ಹಿಡಿದೆ; ಗುಂಡಾಗಿದೆಯೋ ಇಲ್ಲವೋ ತಿಳಿಯಲಿಲ್ಲ, ಬೆರಳೇ ತಿಳಿಯಲಿಲ್ಲ. ಇನ್ನು ನಿಂತರೆ ಕೊಪ್ಪರಿಗೆಯೊಳಗೇ ಬೀಳುತ್ತೇನೆ ಎನಿಸಿತು.

"ಇಳಿಸ್ರಿ" ಎಂದೆ.

ಕಾಕಾ ಒಲೆಯಿಂದ ತಲೆಯೆತ್ತಿ ನೋಡಿದ. "ಈಗೇನಾ? ಇನ್ನ ಸಪ್ಪಳ ಆಗಿಲ್ಲಲ್ಲೋ."

"ಇಳಿಸ್ರಿ ಅಂದ್ನಿಲ್ಲೋ!"

ಪಾಕದವನ ಮಾತಿಗೆ ಎದುರಾಡುವ ಪದ್ಧತಿ ಇಲ್ಲ. ಕೊಪ್ಪರಿಗೆ ಎತ್ತಿ ಆರಿಸುವ ಕುಣಿಗೆ ಸುರಿದರು. ನಾನು ನಾಲ್ಕು ಹೆಜ್ಜೆ ನಡೆದು ಸಿಪ್ಪೆಯ ರಾಶಿಯ ಮೇಲೆ ಬಿದ್ದೆ. ಕಣ್ಣು ತೆರೆದಾಗ ಗಾಳಿಯಾಡಲೆಂದು ಕಾಕಾ ನನ್ನ ಧೋತರ ಸಡಿಲ ಮಾಡಿದ್ದ. ಸೆರಗಿನ ಗಂಟು ಬಿಚ್ಚಿ ಉಪ್ಪಿನ ಹರಳು ನೆಲದ ಮೇಲೆ ಬಿದ್ದಿದ್ದವು. ಸಾವಕಾರರು ಸೊಂಟದ ಮೇಲೆ ಕೈಯಿಟ್ಟು ನಿಂತು ಅವನ್ನೇ ನೋಡುತ್ತಿದ್ದರು. ಕುಣಿಯಲ್ಲಿ ಬೆಲ್ಲ ಹಸಿ ಕೆಸರಿನ ಹಾಗೆ ಕುಳಿತಿತ್ತು. ಎಷ್ಟು ತಿರುವಿದರೂ ಗಟ್ಟಿಯಾಗಲಿಲ್ಲ.

"ಏನಪಾ ಇದು?" ಎಂದರು ಸಾವಕಾರರು.

"ಉಪ್ಪ್ರಿ."

"ಅದು ಕಣ್ಣಿಗೆ ಕಾಣತೈತಿ. ಗಾಣದಾಗ ಯಾಕ ಬಂತು ಅಂತ ಕೇಳಾಕತ್ತೇನಿ. ಮಂದಿ ಮಜ್ಜಿಗಿ ಗಡಿಗಿ ಗಿಡದ ಬುಡಕ ಇಡಸಾಂವ ನೀನು, ಉಡಿಯಾಗ ಉಪ್ಪು ಕಟಗೊಂಡು ಪಾಕದ ಮ್ಯಾಲ ನಿಂದರತಿ?"

ಪಾಕ ಕೆಟ್ಟದ್ದು ಉಪ್ಪಿನಿಂದಲ್ಲ, ಮುಂಚೆ ಇಳಿಸಿದ್ದರಿಂದ ಎಂದು ಹೇಳಬಹುದಿತ್ತು. ಹಾಗೆ ಹೇಳಿದರೆ ನಿಲ್ಲಲಾರದೆ ಇಳಿಸಿದೆ ಎಂದೂ ಹೇಳಬೇಕು. ಕಾಕಾನಿಗೆ ಗೊತ್ತಿತ್ತು, ಅವನೂ ಬಾಯಿ ತೆಗೆಯಲಿಲ್ಲ, ನನ್ನ ಮುಖ ನೋಡಿ ತೆಗೆಯಲಿಲ್ಲ. ಸಾವಕಾರರು ಕೆಟ್ಟವರಲ್ಲ. "ಮನಿಗೆ ಹೋಗು. ಛಲೋ ಆದಮ್ಯಾಲ ಬಾ, ನೋಡೂಣು" ಎಂದರು. ಮರುದಿನವೇ ರಾಯಬಾಗದ ಕಡೆಯಿಂದ ಬೇರೆ ಪಾಕದವನನ್ನು ಕರೆಸಿದರು.

ಮೂಡಲಗಿಯ ವೈದ್ಯರ ಕಡೆಗೆ ಹೋಗೋಣ ಎಂದವಳು ನನ್ನ ಹೆಂಡತಿ. ಅದಕ್ಕೆ ಕಾರಣ ಇತ್ತು. ನಮ್ಮ ಮೊದಲ ಮಗು ಹುಟ್ಟಿದ ಮೇಲೆ ಅವಳ ಗಂಟಲಲ್ಲಿ ಗಡ್ಡೆ ಬಂದಿತ್ತು. ಎದೆ ಢವಢವ, ಕೈ ನಡುಕ, ರೊಟ್ಟಿ ಬಡಿಯುವಾಗ ಹಿಟ್ಟು ಕೈಯಲ್ಲಿ ನಿಲ್ಲುತ್ತಿರಲಿಲ್ಲ, ಕಣ್ಣು ಹೊರಗೆ ಬಂದ ಹಾಗೆ ಕಾಣುತ್ತಿತ್ತು. ಆಗ ಈ ವೈದ್ಯರೇ ಕಂಚುವಾಳ ಮರದ ತೊಗಟೆಯ ಕಷಾಯ ಕೊಟ್ಟು, ಪಥ್ಯ ಹೇಳಿ, ತಿಂಗಳುಗಟ್ಟಲೆ ಬಿಡದೆ ನೋಡಿದ್ದರು. ಗಡ್ಡೆ ಇಳಿಯಿತು, ನಡುಕ ನಿಂತಿತು. ಅಂದಿನಿಂದ ನಮ್ಮ ಮನೆಯಲ್ಲಿ ಅವರ ಮಾತೆಂದರೆ ಮಾತು.

ವೈದ್ಯರು ವಯಸ್ಸಾದ ಅಯ್ಯನವರು. ಎಲ್ಲರೂ ಅಜ್ಜಾರ ಎನ್ನುತ್ತಿದ್ದರು. ಪಡಸಾಲೆಯಲ್ಲಿ ಕಂಬಳಿ ಹಾಸಿ ನನ್ನನ್ನು ಮಲಗಿಸಿ ಬಹಳ ಹೊತ್ತು ನಾಡಿ ಹಿಡಿದರು. ಹುಬ್ಬು ಗಂಟಿಕ್ಕಿತು.

"ನಾಡಿ ಭಾಳ ಒಳಗ ಹೋಗೇತಿ. ಎಷ್ಟು ವರ್ಷ ಬೆಂಕಿ ಮುಂದ ನಿಂತಿ?"

"ಸಾಲಿ ಬಿಟ್ಟಾಗಿಂದ್ರಿ ಅಜ್ಜಾರ."

"ಉರಿ ರಕ್ತಕ್ಕ ಇಳದೈತಿ. ಪಿತ್ತ ಸುಟ್ಟ ಚರ್ಮಕ್ಕ ಬಂದೈತಿ, ಅದಕ್ಕ ಈ ಬಣ್ಣ."

ನನ್ನ ಹೆಂಡತಿ ಬಾಗಿಲ ಬಾಜೂ ನಿಂತಿದ್ದಳು. "ಮತ್ತೊಂದು ಐತ್ರಿ ಅಜ್ಜಾರ. ಉಪ್ಪು ಕಲ್ಲಸಕ್ಕರಿ ಹಂಗ ತಿಂತಾರ್ರಿ ಇವರು" ಎಂದಳು. ನಾನು ಅವಳ ಕಡೆ ಕಣ್ಣು ಬಿಟ್ಟೆ, ಅವಳು ನೋಡದ ಹಾಗೆ ಮಾಡಿದಳು.

ವೈದ್ಯರು ತಲೆಯಾಡಿಸಿದರು. "ಅದು ಇವನ ನಾಲಿಗಿ ಅಲ್ಲಬೇ, ರೋಗದ ನಾಲಿಗಿ. ಸಕ್ಕರಿ ರೋಗದಾಂವ ಸಿಹಿ ಬೇಡತಾನ, ಬಾವು ಬಂದಾಂವ ನೀರು ಬೇಡತಾನ. ರೋಗ ಏನು ಬೇಡತೈತಿ ಮೊದಲ ಅದನ್ನ ಬಂದ್ ಮಾಡಬೇಕು. ಉಪ್ಪು ಬಿಡು. ಹುಳಿ ಬಿಡು. ಖಾರ ಬಿಡು. ಒಂದು ಮಂಡಲ."

ಮಂಡಲವೆಂದರೆ ನಲವತ್ತೆಂಟು ದಿನ. "ಬೇಕಾದ್ರ ಎರಡು ಮಂಡಲ ಬಿಡ್ತೇನ್ರಿ" ಎಂದೆ ನಾನು.

"ಔಷಧ ಕೊಡಾಂವ ನಾನೋ ನೀನೋ?" ಎಂದು ವೈದ್ಯರು ನಕ್ಕರು.

ಅವರು ಹೇಳಿದ್ದು ನನಗೆ ಎಷ್ಟು ಸಮಾಧಾನ ಕೊಟ್ಟಿತೆಂದು ಹೇಳಲಾರೆ. ಗಾಣದ ನಡುವೆ ಉಡಿಯಿಂದ ಉಪ್ಪು ಬಿದ್ದದ್ದು ನನ್ನ ಮರ್ಯಾದೆ ತೆಗೆದಿತ್ತು. ಈಗ ಆ ಚಟ ನನ್ನದಲ್ಲ, ರೋಗದ್ದು. ರೋಗಕ್ಕೆ ಬುದ್ಧಿ ಕಲಿಸುವುದು ನನಗೆ ಗೊತ್ತಿತ್ತು. ಎಮ್ಮೆ ಹಗ್ಗ ಜಗ್ಗಿದರೆ ನಾವು ಇನ್ನಷ್ಟು ಬಿಗಿ ಹಿಡಿಯುತ್ತೇವಲ್ಲ, ಹಾಗೆ.

ಉಪ್ಪಿಲ್ಲದ ಜೋಳದ ರೊಟ್ಟಿ, ಹಾಲು, ತುಪ್ಪ, ಸಪ್ಪನೆಯ ಹೆಸರುಬೇಳೆ. ಮೂರು ಹೊತ್ತು ಕಷಾಯ. ಕಷಾಯ ಕುದಿಸುವ ಕೆಲಸ ನಾನೇ ಇಟ್ಟುಕೊಂಡೆ. ಎಂಟು ಪಾಲು ನೀರು ಎರಡು ಪಾಲಿಗೆ ಇಳಿಯಬೇಕು, ಉರಿ ಸಣ್ಣದಿರಬೇಕು. ಕೊಪ್ಪರಿಗೆ ಹೋಗಿ ಮಡಕೆ ಬಂದರೂ ಅದೂ ಒಂದು ಪಾಕವೇ ಎಂದುಕೊಳ್ಳುತ್ತಿದ್ದೆ. ಅದನ್ನೂ ಕುಳಿತೇ ಕುದಿಸಬೇಕಾಗುತ್ತಿತ್ತು.

ಹೆಂಡತಿ ಉಣ್ಣುವಾಗ ನನ್ನ ಕಡೆ ಬೆನ್ನು ಮಾಡಿ ಉಣ್ಣುತ್ತಿದ್ದಳು, ಅವಳ ತಾಟಿನ ಉಪ್ಪಿನಕಾಯಿ ನನಗೆ ಕಾಣಬಾರದೆಂದು. ವಾಸನೆ ಬರುತ್ತಿತ್ತು. ಬಾಯಲ್ಲಿ ನೀರು ಬರಬೇಕು ನೋಡಿ, ನನಗೆ ಕಣ್ಣಲ್ಲಿ ಬರುತ್ತಿತ್ತು. ಒಮ್ಮೆ ಬೇಳೆಯಲ್ಲಿ ಉಪ್ಪಿನ ರುಚಿ ತಾಕಿದ ಹಾಗಾಯಿತು. ತಾಟು ದೂಡಿದೆ.

"ಉಪ್ಪು ಹಾಕಿಯೇನು?"

"ಚಿಟಿಕಿಯಷ್ಟು, ಅದೂ ಮಗಳ ಪಾಲಿನ ಬ್ಯಾಳಿಗೆ. ಸೌಟು ಒಂದ ಆತು."

"ಬ್ಯಾರೆ ಸೌಟು ಇಲ್ಲೇನು ಮನ್ಯಾಗ?"

"ಐತ್ರಿ. ಬ್ಯಾರೆ ಗಂಡ ಇಲ್ಲ" ಎಂದಳು. ಸಿಟ್ಟಿನಲ್ಲಿ ಅಂದಳೋ ಅಂಜಿಕೆಯಲ್ಲಿ ಅಂದಳೋ ಆಗ ನನಗೆ ಯೋಚಿಸುವ ಶಕ್ತಿ ಇರಲಿಲ್ಲ.

ಮಂಡಲ ಅರ್ಧಕ್ಕೆ ಬಂದಿರಲಿಲ್ಲ. ಹಾಸಿಗೆಯಿಂದ ಏಳಬೇಕಾದರೆ ಗೋಡೆ ಹಿಡಿಯಬೇಕಾಯಿತು. ಮೂಡಲಗಿಗೆ ಚಕ್ಕಡಿಯಲ್ಲಿ ಮಲಗಿಯೇ ಹೋದೆ. ವೈದ್ಯರು ಈ ಸಲ ಬಾಯಿ ತೆಗೆಸಿ ನೋಡಿದರು. ವಸಡಿನ ಮೇಲೆ, ಕೆನ್ನೆಯ ಒಳಗೆ ಕಪ್ಪು ಮಚ್ಚೆ. ಕಷಾಯಕ್ಕೆ ಇನ್ನೊಂದು ಬೇರು ಸೇರಿಸಿ ಕೊಟ್ಟರು. "ಪಥ್ಯ ನಡಸು" ಎಂದರು. ಆದರೆ ಮೊದಲಿನ ಹಾಗೆ ನಗಲಿಲ್ಲ.

ಸುಗ್ಗಿಯಲ್ಲಿ ದುಡಿಯದ ಗಂಡಸು ಮನೆಯಲ್ಲಿ ಬಿದ್ದಿದ್ದರೆ ಮನೆ ನಡೆಯುವುದು ಹೇಗೆ? ಹೆಂಡತಿ ಏಳು ತಿಂಗಳ ಬಸುರಿ. ಹೆರಿಗೆಗೆ ಹೇಗೂ ತವರಿಗೆ ಹೋಗಬೇಕಿತ್ತು. ಅವಳ ತವರು ಹುಕ್ಕೇರಿ. ನನ್ನನ್ನೂ ಕರೆದುಕೊಂಡೇ ಹೋದಳು. ಹೆಂಡತಿಯ ಬಾಣಂತನಕ್ಕೆ ಅಳಿಯನೂ ಹೋಗಿ ಅತ್ತೆಯ ಮನೆಯಲ್ಲಿ ಮಲಗುವುದೆಂದರೆ ನನ್ನಂಥವನಿಗೆ ಎಂಥ ಮಾತು! ಬಸ್ಸಿನಿಂದ ಇಳಿಯುವಾಗ ಇಬ್ಬರು ಹಿಡಿದುಕೊಳ್ಳಬೇಕಾಯಿತು. ಒಬ್ಬ ಕಂಡಕ್ಟರ್, ಇನ್ನೊಬ್ಬಳು ಆ ಬಸುರಿ.

ಅತ್ತೆಯ ಬಾಯಿ ಜೋರು, ಮನಸ್ಸು ಮೆತ್ತಗೆ. ಬಾಗಿಲಲ್ಲೇ ನೋಡಿ ಎದೆ ಬಡಿದುಕೊಂಡಳು. "ಅಯ್ಯ ಶಿವನ, ಅಳಿಯಂದ್ರು ಬೆಲ್ಲದಂಥಾವ್ರು ಅಂತ ಮಗಳ್ನ ಕೊಟ್ಟೆ. ಕಾಕಂಬಿ ಮಾಡಿ ತಂದೀಯಲ್ಲಬೇ!"

"ನಾ ಏನ್ ಮಾಡ್ಲಿ ಯವ್ವಾ, ಅವರ ಕುದ್ದು ಕುದ್ದು ಹಂಗ ಆಗ್ಯಾರ" ಎಂದಳು ಮಗಳು.

ಅತ್ತೆಯ ಲೆಕ್ಕದಲ್ಲಿ ಅದು ಕರಿ ಕಾಮಾಲೆ. ಸಂಕೇಶ್ವರದ ರಸ್ತೆಯ ಹಳ್ಳಿಯೊಂದರಲ್ಲಿ ಒಬ್ಬ ಮುದುಕಿ ಅದಕ್ಕೆ ಬರೆ ಹಾಕುತ್ತಿದ್ದಳು. ಹುಕ್ಕೇರಿ ಸಂತೆಯ ದಿನ ಅವಳೇ ಉಪ್ಪಿನಕಾಯಿ ಮಾರಲು ಬರುತ್ತಿದ್ದಳು, ಅತ್ತೆ ಮನೆಗೇ ಕರೆತಂದಳು. ಮುದುಕಿ ಕುಡುಗೋಲಿನ ತುದಿ ಕಾಯಿಸಿ ಹೊಟ್ಟೆಯ ಮೇಲೆ, ಎರಡೂ ಮುಂಗೈ ಮೇಲೆ ಬರೆ ಎಳೆದಳು. ಅಷ್ಟು ವರ್ಷ ಬೆಂಕಿಯ ಮುಂದೆ ನಿಂತು ಒಂದು ಸುಟ್ಟ ಗಾಯ ಮಾಡಿಕೊಳ್ಳದವನು ನಾನು. ಚೀರಲಿಲ್ಲ. ಚೀರಲು ಬಲ ಬೇಕು.

"ಗಟ್ಟಿ ಗಂಡಸು ನೋಡವ್ವ" ಎಂದಳು ಮುದುಕಿ, ನನ್ನನ್ನು ಮೆಚ್ಚಿ.

ಆ ಸಂಜೆ ವಾಂತಿ ಶುರುವಾಯಿತು. ಮರುದಿನ ನೀರೂ ನಿಲ್ಲಲಿಲ್ಲ. ಮಾತು ಕೇಳಿಸುತ್ತಿತ್ತು, ಉತ್ತರ ಕೊಡಲು ನಾಲಿಗೆ ಏಳುತ್ತಿರಲಿಲ್ಲ. ಅತ್ತೆ ಅಳುವುದು ಕೇಳಿಸಿತು. ನಂತರ ನನ್ನ ತಲೆ ಯಾರದೋ ತೊಡೆಯ ಮೇಲಿತ್ತು, ತುಟಿಗೆ ಬಟ್ಟಲು ತಾಕಿತು. ಬೆಚ್ಚಗಿನ ಗಂಜಿ. ನಾಲಿಗೆಗೆ ತಾಕಿದೊಡನೆ ತಿಳಿಯಿತು. ಉಪ್ಪು, ಕೈ ಬಿಟ್ಟು ಹಾಕಿದ ಉಪ್ಪು. ತಲೆ ತಿರುಗಿಸಲು ನೋಡಿದೆ. ಹೆಂಡತಿ ಗದ್ದ ಹಿಡಿದು ಬಾಯಿ ತೆರೆಸಿ ಚಮಚ ಚಮಚವಾಗಿ ಹಾಕಿದಳು, ಕರುವಿಗೆ ಔಷಧ ಹಾಕಿದ ಹಾಗೆ. ನಾನು ಅವಳನ್ನು ತಡೆಯಲಾರದೆ ನುಂಗಿದೆ.

ಮಧ್ಯಾಹ್ನದ ಹೊತ್ತಿಗೆ ಗೋಡೆಗೆ ಒರಗಿ ಕುಳಿತಿದ್ದೆ. ಮೊದಲು ಮಾಡಿದ ಕೆಲಸವೆಂದರೆ ಅವಳನ್ನು ಬೈದದ್ದು.

"ಪಥ್ಯ ಮುರದಿ. ಇನ್ನ ಅಜ್ಜಾರ ಔಷಧ ನಾಟಂಗಿಲ್ಲ."

"ಎದ್ದು ಕುಂತೀರಲ್ಲ, ಅದನ್ನ ನೋಡ್ರಿ."

"ಅದು ಬರಿ ಹಾಕಿದ್ದಕ್ಕ."

"ಬರಿ ಹಾಕಿದ್ದು ಮೊನ್ನಿ. ಮೊನ್ನಿಯಿಂದ ಸಾಯಾಕ ಹತ್ತಿದ್ರಿ. ಗಂಜಿ ಹಾಕಿದ್ದು ಇವತ್ತ ಮುಂಜಾನಿ." ಗಂಜಿಯ ಬಟ್ಟಲನ್ನು ನೆಲಕ್ಕೆ ಕುಕ್ಕಿದಳು. "ನನ್ನ ಗಡ್ಡಿ ಅಜ್ಜಾರು ಇಳಿಸಿದ್ರು, ಅದನ್ನ ನಾ ಸಾಯೂತನಕ ಮರಿಯಂಗಿಲ್ಲ. ಆದ್ರ ನೀವು ನಾನಲ್ಲ. ನಿಮ್ಮ ರೋಗನೂ ನನ್ನ ರೋಗಲ್ಲ. ನಾಳಿ ಮಿರಜಿಗೆ ಹೋಗೂದು."

"ಈ ಹೊಟ್ಟಿ ಹೊತ್ತಗೊಂಡು ನೀ ಬರ್ತೀಯಾ?"

"ಹೊಟ್ಟಿ ಬಿಚ್ಚಿಟ್ಟು ಬರಾಕ ಬರ್ತಿದ್ರ ಬಿಚ್ಚಿಡ್ತಿದ್ದೆ."

ಬೇಡ ಎನ್ನುವ ಹಕ್ಕು ನನಗೆ ಉಳಿದಿರಲಿಲ್ಲ. ಗಾಣದಲ್ಲಿ ನನ್ನ ಒಂದು ಮಾತಿಗೆ ನಾಲ್ಕು ಜನ ಕೊಪ್ಪರಿಗೆ ಎತ್ತುತ್ತಿದ್ದರು. ಈಗ ನನ್ನನ್ನು ಎತ್ತಿ ಬಸ್ಸಿನಲ್ಲಿಟ್ಟರು. ಘಟಪ್ರಭಾದಲ್ಲಿ ಇಳಿಸಿ ರೈಲಿನಲ್ಲಿಟ್ಟರು. ಅತ್ತೆ ಉಪ್ಪು ಹಾಕಿದ ಗಂಜಿಯ ತಂಬಿಗೆಯನ್ನು ಮಗಳ ಕೈಗೆ ಕೊಟ್ಟು ಪ್ಲಾಟ್‌ಫಾರ್ಮಿನಲ್ಲೇ ನಿಂತಳು.

ಮಿರಜಿನ ದೊಡ್ಡ ದವಾಖಾನೆಯಲ್ಲಿ ನನ್ನನ್ನು ನೋಡಿದ ಡಾಕ್ಟರರು ಬೆಳಗಾವಿ ಕಡೆಯವರು, ಕನ್ನಡ ಬರುತ್ತಿತ್ತು. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ ನೋಡಿದರು, ಮತ್ತೆ ನೋಡಿದರು. ಅಂಗೈ ಹಿಡಿದು ಗೆರೆಗಳನ್ನು ಬೆಳಕಿಗೆ ಹಿಡಿದರು. ತುಟಿ ಮಡಚಿ ವಸಡು ನೋಡಿದರು. ಬರೆಯ ಗಾಯಗಳನ್ನು ನೋಡಿದರು. ಕೊನೆಗೆ ನನ್ನ ಮುಖಕ್ಕೆ ಬಾಗಿ ಕೇಳಿದರು:

"ಉಪ್ಪು ತಿನ್ನಬೇಕು ಅಂತ ಅನಸ್ತೈತೇನು?"

ಆ ಮಾತಿಗೆ ಗಾಣದಲ್ಲಿ ಮರ್ಯಾದೆ ಹೋಗಿತ್ತು, ಮೂಡಲಗಿಯಲ್ಲಿ ಬೇಳೆಯ ರುಚಿ ಹೋಗಿತ್ತು, ಇಲ್ಲಿ ಏನು ಹೋಗುವುದಿದೆಯೋ ಎಂದು ಅಂಜಿದೆ. ಹೆಂಡತಿ ನನ್ನ ಕಡೆ ನೋಡಿದಳು. ಈ ಸಲ ಅವಳೂ ಹೇಳಲಿಲ್ಲ, ನಾನೇ ಹೇಳಲೆಂದು ಕಾದಳು.

"ಅನಸ್ತೈತ್ರಿ ಸಾಹೇಬ್ರ" ಎಂದೆ. "ಉಡಿಯಾಗ ಕಟಗೊಂಡು ತಿಂತಿದ್ದೆ. ಕಳ್ಳನಂಗ ತಿಂತಿದ್ದೆ."

"ಮತ್ತ ಬಿಟ್ಟಿದ್ಯಾಕ?"

"ಪಥ್ಯರಿ. ಒಂದು ಮಂಡಲ."

ಡಾಕ್ಟರರು ಕಣ್ಣು ಮುಚ್ಚಿ ತೆರೆದರು. "ಇನ್ನ ನಾಕು ದಿನ ಬಿಟ್ಟಿದ್ರ ಮಂಡಲ ಅಲ್ಲೇ ಮುಗೀತಿತ್ತು" ಎಂದರು. ಸಿಟ್ಟಿನಿಂದ ಹೇಳಲಿಲ್ಲ.

ಅವರು ತಿಳಿಸಿ ಹೇಳಿದ್ದು ಇಷ್ಟು. ಎರಡು ಮೂತ್ರಪಿಂಡಗಳ ತಲೆಯ ಮೇಲೆ ಟೊಪ್ಪಿಗೆಯ ಹಾಗೆ ಒಂದೊಂದು ಸಣ್ಣ ಗ್ರಂಥಿ ಇರುತ್ತದೆ. ಮೈಯಲ್ಲಿ ಉಪ್ಪು ನಿಲ್ಲುವ ಹಾಗೆ, ನಿಂತವನು ನಿಂತೇ ಇರುವ ಹಾಗೆ ನೋಡಿಕೊಳ್ಳುವುದು ಅದರ ರಸ. ಎಂದೋ ಬಂದು ನನಗೆ ತಿಳಿಯದೆಯೇ ಹೋದ ಕ್ಷಯ ಅಲ್ಲಿ ಮನೆ ಮಾಡಿ ಎರಡನ್ನೂ ತಿಂದಿತ್ತು. ಎಕ್ಸರೆಯಲ್ಲಿ ಅವು ಇದ್ದ ಜಾಗದಲ್ಲಿ ಸುಣ್ಣ ಕಟ್ಟಿದ ಗುರುತು ತೋರಿಸಿದರು. ಚರ್ಮ ಕಪ್ಪಾದದ್ದು ಒಲೆಯಿಂದ ಅಲ್ಲವೇ ಅಲ್ಲ, ಆ ಗ್ರಂಥಿಗಳು ಸತ್ತದ್ದರಿಂದ. ಹಿಡಿದಿಟ್ಟುಕೊಳ್ಳಲಾರದ ಉಪ್ಪನ್ನು ಮೈ ಕೇಳುತ್ತಿತ್ತು.

ತೋಳಿಗೆ ಸೂಜಿ ಚುಚ್ಚಿ ಮೇಲೆ ಬಾಟಲಿ ತೂಗು ಹಾಕಿದರು. ಒಂದರ ಹಿಂದೆ ಒಂದು. "ಏನ್ರಿ ಅದು?" ಎಂದು ನರ್ಸಬಾಯಿಯನ್ನು ಕೇಳಿದೆ. "ಉಪ್ಪಿನ ನೀರು" ಎಂದಳು. ನನ್ನ ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕಳು, ನಗುತ್ತಲೇ ಅತ್ತಳು.

ಅಲ್ಲಿ ಇದ್ದಾಗಲೇ ಡಾಕ್ಟರರು ಅವಳ ಗಂಟಲನ್ನೂ ಮುಟ್ಟಿ ನೋಡಿದರು. "ಇಲ್ಲೂ ಅಂಥಾದ ಒಂದು ಗ್ರಂಥಿ ಐತಿ. ಒಮ್ಮೊಮ್ಮೆ ತಾನ ಕೆರಳತೈತಿ, ತಾನ ಇಳೀತೈತಿ."

"ಅಜ್ಜಾರ ಔಷಧಕ್ಕ ಇಳೀತೋ, ತಾನ ಇಳೀತೋ ಸಾಹೇಬ್ರ?" ಎಂದು ಅವಳು ಕೇಳಿದಳು.

"ನನಗ ಗೊತ್ತಿಲ್ಲ ತಂಗಿ. ಇಳದೈತಲ್ಲ, ಛಲೋ ಆತು."

ಆ ಮಾತಿನಿಂದ ನನಗೆ ಅವರ ಮೇಲೆ ವಿಶ್ವಾಸ ಬಂತು.

ಗ್ರಂಥಿಯ ರಸದ ಬದಲಿಗೆ ಕಾರ್ಟಿಜೋನ್ ಎಂಬ ಗುಳಿಗೆ ಕೊಟ್ಟರು, ಕ್ಷಯಕ್ಕೆ ಸೂಜಿ ಬೇರೆ. ಎಷ್ಟು ದಿನ ನುಂಗಬೇಕು ಎಂದು ಕೇಳಿದೆ. "ಇರೂತನಕ" ಎಂದರು. ಗಾಣಕ್ಕೆ ಎಂದು ಹೋಗಲಿ ಎಂದು ಕೇಳಿದೆ. ಅವರು ನನ್ನ ಪಕ್ಕದಲ್ಲಿ ಕುಳಿತರು. ಬೆಂಕಿಯ ಮುಂದೆ ಬೆವರಿನ ಜೊತೆ ಉಪ್ಪು ಹೋಗುತ್ತದೆ, ನಿನ್ನ ಮೈ ಅದನ್ನು ಹಿಡಿಯಲಾರದು, ಒಂದು ದಿನ ಕೊಪ್ಪರಿಗೆಯ ಅಂಚಿನಲ್ಲೇ ಬೀಳುತ್ತೀ ಎಂದರು. "ಬ್ಯಾರೆ ಉದ್ಯೋಗ ನೋಡಪಾ."

ಆ ಮಾತು ಉಪ್ಪು ಬಿಡು ಎಂದದ್ದಕ್ಕಿಂತ ಕಷ್ಟವಾಯಿತು. ಅಂದಿನವರೆಗೆ ನಾನು ವಾಸಿಯಾಗುವುದೆಂದರೆ ಕೊಪ್ಪರಿಗೆಯ ಹತ್ತಿರ ವಾಪಸು ನಿಲ್ಲುವುದು ಎಂದೇ ತಿಳಿದಿದ್ದೆ.

ಎರಡನೆಯ ಮಗು ಹುಕ್ಕೇರಿಯಲ್ಲಿ ಹುಟ್ಟಿತು, ಗಂಡು. ಮಳೆಗಾಲದ ಹೊತ್ತಿಗೆ ನಾನು ನಡೆದಾಡುತ್ತಿದ್ದೆ, ಬಣ್ಣವೂ ತಿಳಿಯಾಗುತ್ತ ಬಂತು. ಮುಂದಿನ ಸುಗ್ಗಿ ಹತ್ತಿರ ಬರುತ್ತಿದ್ದ ಹಾಗೆ ನನ್ನ ತಲೆಯಲ್ಲಿ ಒಂದೇ ಯೋಚನೆ. ಗುಳಿಗೆ ಇಲ್ಲದೆ, ಆ ಸತ್ತ ಗ್ರಂಥಿ ಚಿಗುರುವ ಹಾಗೆ ಮಾಡುವ ಬೇರು ಎಲ್ಲಾದರೂ ಇದ್ದೀತು. ಹೆಂಡತಿಗೆ ಹೇಳದೆ ಮೂಡಲಗಿಗೆ ಹೋದೆ.

ವೈದ್ಯರು ನನ್ನನ್ನು ಕಂಡು ಎದ್ದೇ ನಿಂತರು. ಅವರು ಎದ್ದು ನಿಲ್ಲುವುದು ಜಂಗಮರಿಗೆ ಮಾತ್ರ. ಎಲ್ಲವನ್ನೂ ಕೇಳಿದರು. ಉಪ್ಪಿನ ಬಾಟಲಿಯ ಮಾತು ಬಂದಾಗ ಕೈಯಲ್ಲಿದ್ದ ಔಷಧ ಅರೆಯುವ ಗುಂಡು ಕೆಳಗಿಟ್ಟರು.

"ನನ್ನ ಪಥ್ಯ ನಿನ್ನ ಕೊಲ್ಲತಿತ್ತು ಅನ್ನು."

"ನೀವು ಬೇಕಂತ ಮಾಡಿಲ್ಲಲ್ರಿ ಅಜ್ಜಾರ. ಈಗ ಗ್ರಂಥಿ ಚಿಗರೂ ಹಂಗ ಏನರ ಕೊಡ್ರಿ. ಯಾವ ಪಥ್ಯ ಹೇಳಿದ್ರೂ ಹಿಡೀತೇನಿ. ಗಾಣ ಹೂಡೂದ್ರೊಳಗ ನಿಂದರಬೇಕು ನಾನು."

ಅವರ ಹಿಂದೆ ಗೋಡೆಯುದ್ದಕ್ಕೂ ತೊಗಟೆಯ ಗಂಟು, ಬೇರಿನ ಗಂಟು, ಭಸ್ಮದ ಕುಡಿಕೆ. ಬೇಕೆಂದರೆ ಏನಾದರೂ ತೆಗೆದು ಕೊಟ್ಟು ಕಳಿಸಬಹುದಿತ್ತು. ನಾನು ಕಣ್ಣಿಗೊತ್ತಿಕೊಂಡು ತರುತ್ತಿದ್ದೆ.

"ಒಣಗಿದ ಗಿಡಕ್ಕ ನೀರು ಹಾಕಾಕ ಬರತೈತಿ. ಬೇರ ಇಲ್ಲದ ಗಿಡಕ್ಕ ನಾ ಏನು ಹಾಕ್ಲಿ?" ಎಂದರು. "ಇಲ್ಲಪಾ. ಅಂಥಾ ಔಷಧ ನನ್ನ ಹಂತೇಕ ಇಲ್ಲ. ಯಾವನರ ತನ್ನ ಹಂತೇಕ ಐತಿ ಅಂದ್ರ ಅವನ ಮನಿ ಕಟ್ಟಿ ಹತ್ತಬ್ಯಾಡ. ಗುಳಿಗಿ ನುಂಗು."

ಬಾಗಿಲವರೆಗೆ ಬಂದು ಬಿಟ್ಟರು. ನಾನು ತಿರುಗಿ ನೋಡದೆ ಬಸ್ಸಿನವರೆಗೆ ನಡೆದೆ. ಬಸ್ಸಿಳಿದು ನಡೆದ ಮೇಲವಂಕಿಯ ಹಾದಿಯಲ್ಲಿ ಗಾಣ ಹೂಡಲು ನೆಲ ಹಸನು ಮಾಡುತ್ತಿದ್ದರು. ಕಾಕಾ ಹೊಸ ಒಲೆಗೆ ಮಣ್ಣು ಮೆತ್ತುತ್ತಿದ್ದ. "ಬಾರೋ ತಮ್ಮಾ, ಚಾ ಕುಡಿ" ಎಂದು ಕೂಗಿದ. ಹೋಗಿ ಬೇವಿನ ಗಿಡದ ಕೆಳಗೆ ಕುಳಿತು ಕುಡಿದೆ. ಒಳಗೆ ಹೋಗಲಿಲ್ಲ.

ಅದಾಗಿ ಕೆಲವು ವರ್ಷಗಳಾದವು. ಈಗ ಗೋಕಾಕದ ಬೆಲ್ಲದ ಅಡತಿ ಅಂಗಡಿಯೊಂದರಲ್ಲಿ ಪೆಂಟೆ, ಅಂದರೆ ಬೆಲ್ಲದ ದೊಡ್ಡ ಅಚ್ಚು, ಎಣಿಸಿ ತೂಕಕ್ಕೆ ಇಡುವ ಕೆಲಸ ಮಾಡುತ್ತೇನೆ. ಬೆಲ್ಲ ಒಡೆದು ನೋಡಿದರೆ ಪಾಕದವನು ಎಲ್ಲಿ ಅವಸರ ಮಾಡಿದ ಎಂದು ಈಗಲೂ ತಿಳಿಯುತ್ತದೆ. ಹೇಳಲು ಹೋಗುವುದಿಲ್ಲ, ನನ್ನನ್ನು ಯಾರೂ ಕೇಳುವುದೂ ಇಲ್ಲ. ನನ್ನ ಹತ್ತಿರ ಇರುವುದು ಇಷ್ಟು: ಹೆಂಡತಿ ಒಬ್ಬಳು, ಮಗಳು ಒಬ್ಬಳು, ಮಗ ಒಬ್ಬ, ಬಾಡಿಗೆಯ ಖೋಲಿ ಒಂದು, ಎಮ್ಮೆ ಒಂದು, ಬಾಟಲಿಯಲ್ಲಿ ಗುಳಿಗೆ ಹನ್ನೊಂದು.